ಚೆಕ್‌ರೋಲಿನಲ್ಲಿ ಇಲ್ಲದ ಹೆಸರು



1965ನೇ ಇಸವಿಯ ಸೆಪ್ಟೆಂಬರ್ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಹತ್ತು ವರ್ಷ. ಸಿದ್ದಾಪುರದ ಕಡೆ, ಕಾವೇರಿ ಹೊಳೆಯ ಬದಿಯ ಒಂದು ಕಾಫಿ ತೋಟದಲ್ಲಿ ನಮ್ಮಪ್ಪ ರೈಟರ್ ಆಗಿದ್ದರು. ಇಡೀ ತೋಟಕ್ಕೆ ಇದ್ದದ್ದು ಒಂದೇ ರೇಡಿಯೊ, ಅದೂ ಬಂಗಲೆಯ ಜಗಲಿಯಲ್ಲಿ. ಸಂಜೆ ಕೆಲಸ ಬಿಟ್ಟ ಮೇಲೆ ಆಳುಗಳು, ಮೇಸ್ತ್ರಿಗಳು, ಲಾರಿಯ ಡ್ರೈವರು ಎಲ್ಲ ಬಂದು ಅಂಗಳದಲ್ಲಿ ಕೂರುತ್ತಿದ್ದರು. ಕಾಫಿ ಕಣದ ಸಿಮೆಂಟು ಇನ್ನೂ ಒದ್ದೆ. ಗೋಣಿತಾಟು ಹಾಸಿಕೊಂಡು, ಬೀಡಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ಯುದ್ಧದ ವಾರ್ತೆ ಕೇಳುತ್ತಿದ್ದರು.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಆಗಷ್ಟೇ ಮುಗಿದಿತ್ತು. ಹತ್ತಿರದ ಐನ್‌ಮನೆಯಲ್ಲಿ, ಅಂದರೆ ಕೊಡವ ಮನೆತನದ ಮೂಲಮನೆಯಲ್ಲಿ, ಕೋವಿಗಳನ್ನು ಸಾಲಾಗಿ ಇಟ್ಟು, ಅವುಗಳ ಬಾಯಿಗೆ ಕೆಂಪು ಹಳದಿಯ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿದ್ದನ್ನು ನಾವು ಮಕ್ಕಳು ಹೋಗಿ ನೋಡಿ ಬಂದಿದ್ದೆವು. ಅದಾಗಿ ಮೂರು ದಿನಕ್ಕೆ ಲಾಹೋರಿನ ದಿಕ್ಕಿನಲ್ಲಿ ಯುದ್ಧ ಹತ್ತಿಕೊಂಡಿತು. ಆ ಹಬ್ಬದ ಊಟಕ್ಕೆ ರಜೆಯ ಮೇಲೆ ಬಂದಿದ್ದವರನ್ನು ತಂತಿ ಕೊಟ್ಟು ವಾಪಸು ಕರೆಸಿಕೊಂಡರು. ಕೊಡಗಿನಲ್ಲಿ ಸೈನ್ಯಕ್ಕೆ ಮಗನನ್ನು ಕೊಡದ ಊರು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾಗಿ ವಾರ್ತೆ ಅಂದರೆ ನಮಗೆ ದೂರದ ಸುದ್ದಿಯಲ್ಲ, ಮನೆಯ ಸುದ್ದಿ.

ಅಂಥ ಒಂದು ಸಂಜೆ ಅಂಗಳದಲ್ಲಿ ಪಿಸುಮಾತು ಹಬ್ಬಿತು. ಹಿಂದೆ ನಮ್ಮ ಸೇನೆಯ ಮಹಾದಂಡನಾಯಕರಾಗಿದ್ದ ಜನರಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದಿದ್ದಾರಂತೆ, ಅಲ್ಲಿನ ರೇಡಿಯೊದಲ್ಲಿ ಹೇಳಿದರಂತೆ ಎಂದು. ನಮ್ಮಪ್ಪ ಕೂತಲ್ಲಿಂದ ಎದ್ದು ನಿಂತರು. ಯಾಕೆ ಎದ್ದರೋ, ಯಾರಿಗಾಗಿ ನಿಂತರೋ ಆಗ ನನಗೆ ತಿಳಿಯಲಿಲ್ಲ.

ಇಂದು ನಾನು ಮಾತಾಡಬೇಕೆಂದಿರುವುದು ಅಪ್ಪಂದಿರ ಸಾಹಸದ ಬಗ್ಗೆ, ಅದರಿಂದ ಮಕ್ಕಳಿಗೆ ಏನು ದಕ್ಕುತ್ತದೆ ಎಂಬ ಬಗ್ಗೆ. ಆ ಮಾತು ನನಗೆ ಆ ಸಂಜೆಯಿಂದಲೇ ಶುರುವಾಗಬೇಕು.

ನಡೆದದ್ದು ಇಷ್ಟು. ಕೊಡಂದೇರ ನಂದಾ ಕಾರ್ಯಪ್ಪ ನಮ್ಮ ವಾಯುಪಡೆಯ ಹಂಟರ್ ವಿಮಾನದ ಚಾಲಕ. ಸೆಪ್ಟೆಂಬರ್ 22ರಂದು ಶತ್ರುಗಳ ನೆಲೆಯ ಮೇಲೆ ದಾಳಿಗೆ ಹೋದಾಗ ಕೆಳಗಿನಿಂದ ಹಾರಿಸಿದ ಗುಂಡು ವಿಮಾನಕ್ಕೆ ತಗುಲಿ ಬೆಂಕಿ ಹತ್ತಿತು. ಅವರು ಆಸನದ ಸಮೇತ ಚಿಮ್ಮಿ ಹೊರಬಿದ್ದರು. ಬಿದ್ದ ಪೆಟ್ಟಿಗೆ ಬೆನ್ನುಮೂಳೆಗೆ ಏಟಾಯಿತು. ಬಿದ್ದದ್ದು ಗಡಿಯ ಆಚೆ. ಮರುದಿನ ನಸುಕಿನಲ್ಲಿ, ಮೂರೂವರೆ ಗಂಟೆಗೆ, ಕದನವಿರಾಮ ಜಾರಿಗೆ ಬಂತು. ಒಂದು ಹಗಲು ಕಳೆದಿದ್ದರೆ ಆ ಹಾರಾಟವೇ ಬೇಕಿರಲಿಲ್ಲ. ಆ ಮನೆಯವರ ಜಾಗದಲ್ಲಿ ನಿಂತು ಯೋಚಿಸುವಾಗಲೆಲ್ಲ ಈ ಕೆಲವೇ ಗಂಟೆಗಳ ಲೆಕ್ಕ ನನ್ನ ಹೊಟ್ಟೆ ಕಿವುಚುತ್ತದೆ.

ಸೆರೆಸಿಕ್ಕ ಯೋಧ ತನ್ನ ಹೆಸರು, ಹುದ್ದೆ, ಹುಟ್ಟಿದ ದಿನ, ನಂಬರು ಇಷ್ಟನ್ನೇ ಹೇಳಬೇಕು ಎಂಬುದು ನಿಯಮ. ಆದರೆ ಇಲ್ಲಿ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು. ಕಾರ್ಯಪ್ಪ ಎಂಬ ಹೆಸರು ಗೊತ್ತಿಲ್ಲದ ಹಿರಿಯ ಸೇನಾಧಿಕಾರಿ ಆ ಕಾಲದಲ್ಲಿ ಗಡಿಯ ಎರಡೂ ಬದಿಯಲ್ಲಿ ಇರಲಿಲ್ಲ. ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಅವರಿಗಂತೂ ಆ ಹೆಸರು ಬಹಳ ಹತ್ತಿರದ್ದು. ದೇಶ ಒಡೆಯುವ ಮೊದಲು, ವಾಯವ್ಯ ಗಡಿಯ ಬನ್ನುವಿನಲ್ಲಿ ಬ್ರಿಗೇಡಿಯರ್ ಕಾರ್ಯಪ್ಪನವರ ಕೈಕೆಳಗೆ ಅಯೂಬ್ ಕೆಲಸ ಮಾಡಿದ್ದರು. ಹಳೆಯ ಸಾಹೇಬರ ಮಗ ತನ್ನ ಸೆರೆಮನೆಯಲ್ಲಿದ್ದಾನೆ. ಆ ಗೌರವಕ್ಕೆ ಅವರು ಮಡಿಕೇರಿಗೆ ಮಾತು ಮುಟ್ಟಿಸಿದರು: ಮಗ ಸುರಕ್ಷಿತವಾಗಿದ್ದಾನೆ, ನೀವು ಬಯಸಿದರೆ ಬಿಟ್ಟು ಕಳಿಸುತ್ತೇನೆ ಎಂಬರ್ಥದ ಮಾತು.

ಮಡಿಕೇರಿಯಲ್ಲಿದ್ದ ಕಾರ್ಯಪ್ಪನವರ ಮನೆ ರೋಶನಾರದಿಂದ ಹೋದ ಉತ್ತರ ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ಅವನು ಈಗ ನನ್ನೊಬ್ಬನ ಮಗನಲ್ಲ, ದೇಶದ ಮಗ. ಅಲ್ಲಿ ಸೆರೆಯಲ್ಲಿರುವ ನಮ್ಮ ಹುಡುಗರೆಲ್ಲರೂ ನನ್ನ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬಿಡಬೇಡಿ, ಅವನಿಗೆಂದು ಬೇರೆ ಉಪಚಾರ ಬೇಡ. ಉತ್ತರದ ತಾತ್ಪರ್ಯ ಇದು.

ಇದನ್ನು ನಮ್ಮ ಸಭೆಗಳಲ್ಲಿ ಭಾಷಣಕಾರರು ಹೇಳುವಾಗ ದನಿ ಏರಿಸಿ ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ನನಗೆ ಮಾತ್ರ ಆ ಉತ್ತರ ಗರ್ಜನೆಯಾಗಿ ಕೇಳಿಸುವುದೇ ಇಲ್ಲ. ತೀರ ತಗ್ಗಿದ ದನಿಯಲ್ಲಿ, ಗಂಟಲು ಸರಿಮಾಡಿಕೊಂಡು ಹೇಳಿದ ಮಾತಿನ ಹಾಗೆ ಕೇಳಿಸುತ್ತದೆ. ಯೋಚಿಸಿ ನೋಡಿ. ಅರವತ್ತೈದು ದಾಟಿದ ಮನುಷ್ಯ. ಸೈನ್ಯದಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿದೆ. ಇಬ್ಬರು ಮಕ್ಕಳು, ಒಬ್ಬ ಮಗ, ಒಬ್ಬ ಮಗಳು. ಆ ಮಕ್ಕಳು ಎಳೆಯರಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ತಾಯಿಯ ಜಾಗವನ್ನೂ ಈ ಅಪ್ಪನೇ ತುಂಬಬೇಕಾಗಿತ್ತು. ಮಳೆಗಾಲ ಇನ್ನೂ ಪೂರ್ತಿ ಬಿಡದ ಮಡಿಕೇರಿಯ ಮಂಜಿನಲ್ಲಿ, ಸುತ್ತ ಕಾಡುಮರಗಳ ನಡುವಿನ ಆ ಮನೆಯಲ್ಲಿ, ಮಗನ ಬೆನ್ನುಮೂಳೆ ಮುರಿದಿದೆಯೋ ಉಳಿದಿದೆಯೋ ತಿಳಿಯದೆ ಅಪ್ಪ ಕೂತಿದ್ದಾರೆ. 'ಹೂಂ' ಅಂದರೆ ಮಗ ಮನೆಗೆ ಬರುತ್ತಾನೆ. ಅವರು 'ಉಹುಂ' ಅಂದರು.

ರಣರಂಗದ ಸಾಹಸಕ್ಕೆ ಜೊತೆಗಾರರಿರುತ್ತಾರೆ, ಆವೇಶವಿರುತ್ತದೆ, ಬೇರೆ ದಾರಿಯೇ ಇಲ್ಲದಿರುವುದೂ ಉಂಟು. ಇಲ್ಲಿ ಜೊತೆಗಾರರಿಲ್ಲ, ಆವೇಶವಿಲ್ಲ, ಬೇರೆ ದಾರಿ ಎದುರಿಗೇ ತೆರೆದುಕೊಂಡಿದೆ. ಕಾರ್ಯಪ್ಪನವರ ಬದುಕಿನಲ್ಲಿ ಸಾಹಸದ ಪ್ರಸಂಗಗಳು ಎಷ್ಟೋ ಇವೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಈ 'ಉಹುಂ'.

ಆ ಪ್ರಸಂಗಗಳಲ್ಲಿ ಒಂದನ್ನಾದರೂ ಹೇಳದೆ ಮುಂದೆ ಹೋಗುವುದಕ್ಕೆ ಮನಸ್ಸಾಗುತ್ತಿಲ್ಲ. ಶನಿವಾರಸಂತೆಯಲ್ಲಿ ಹುಟ್ಟಿ, ಮನೆಯವರ ಬಾಯಲ್ಲಿ ಚಿಮ್ಮ ಎನಿಸಿಕೊಂಡಿದ್ದ ಹುಡುಗ ಮಡಿಕೇರಿಯಲ್ಲಿ ಓದಿ, ಮದರಾಸಿನ ಕಾಲೇಜಿಗೆ ಹೋಗಿ, 1919ರಲ್ಲಿ ಇಂದೋರಿನಿಂದ ಅಧಿಕಾರಿಯಾಗಿ ಹೊರಬಂದದ್ದು, ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯನಾದದ್ದು, 1942ರಲ್ಲಿ ಒಂದು ಪಡೆಯನ್ನು ನಡೆಸಿದ ಮೊದಲ ಭಾರತೀಯನಾದದ್ದು ಎಲ್ಲ ಶಾಲೆಯ ಪುಸ್ತಕದಲ್ಲಿದೆ. ನಾನು ಹೇಳಬೇಕೆಂದಿರುವುದು 1948ರ ಜೋಜಿಲಾ ಕಣಿವೆಯ ಮಾತು.

ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಹನ್ನೊಂದು ಸಾವಿರ ಅಡಿಗೂ ಮೇಲೆ ಆ ಕಣಿವೆ. ಶತ್ರುಗಳು ಗವಿಗಳಲ್ಲಿ ಮೆಷಿನ್‌ಗನ್ ಹೂಡಿಕೊಂಡು ಕೂತಿದ್ದರು. ಕಾಲಾಳುಗಳು ಹತ್ತಿದಾಗಲೆಲ್ಲ ಹಿಂದಕ್ಕೆ ಬರಬೇಕಾಯಿತು. ಕಣಿವೆ ಸಿಕ್ಕದಿದ್ದರೆ ಲೇಹ್ ಕೈಬಿಟ್ಟಂತೆ. ಚಳಿಗಾಲ ಹತ್ತಿರ ಬಂದಿತ್ತು, ಹಿಮ ಬಿದ್ದರೆ ಮುಂದಿನ ವರ್ಷದ ತನಕ ದಾರಿಯೇ ಇಲ್ಲ. ಆಗ ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವ ಯೋಚನೆ ಮೂಡಿತು. ಅಲ್ಲಿಯ ತನಕ ಜಗತ್ತಿನಲ್ಲಿ ಯಾರೂ ಆ ಎತ್ತರದಲ್ಲಿ ಟ್ಯಾಂಕುಗಳಿಂದ ಯುದ್ಧ ಮಾಡಿದ್ದಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ತಲೆಭಾಗವನ್ನು ಬಿಚ್ಚಿ, ಟಾರ್ಪಾಲು ಹೊದಿಸಿ, ಯಾರಿಗೂ ಸುಳಿವು ಸಿಗದಂತೆ ಜಮ್ಮುವಿನ ಕಡೆಯಿಂದ ಸಾಗಿಸಿದರು. ದಾರಿಯ ಸೇತುವೆಗಳು ಆ ಭಾರ ತಡೆಯುವಂಥವಲ್ಲ, ಅವನ್ನು ಬಲಪಡಿಸಿದರು. ಬಾಲ್‌ತಾಲಿನಿಂದ ಮೇಲಕ್ಕೆ ಇದ್ದ ಹೇಸರಗತ್ತೆಯ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್ ಕಡಿದು ಅಗಲ ಮಾಡಿದರು. ನವೆಂಬರ್ 1ರಂದು, ಹಿಮದಲ್ಲಿ, ಟ್ಯಾಂಕುಗಳು ಗುರುಗುಟ್ಟುತ್ತ ಕಣಿವೆ ಹೊಕ್ಕವು. ಡಿವಿಜನ್ನಿನ ಸೇನಾಪತಿ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅವರ ಮೇಲೆ, ಇಡೀ ಪಶ್ಚಿಮ ರಂಗದ ಹೊಣೆ ಹೊತ್ತು ಈ ಕಾರ್ಯಾಚರಣೆಗೆ ಒಪ್ಪಿಗೆಯ ಮುದ್ರೆ ಒತ್ತಿದವರು ಕಾರ್ಯಪ್ಪ. ಇಬ್ಬರೂ ಕೊಡಂದೇರ ಮನೆತನದವರು. ಆ ತಿಂಗಳು ಮುಗಿಯುವಷ್ಟರಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದು ಲೇಹ್‌ಗೆ ದಾರಿ ಕೂಡಿತು. ಟ್ಯಾಂಕುಗಳು ಕಣಿವೆ ಹೊಕ್ಕ ಎರಡೂವರೆ ತಿಂಗಳಲ್ಲಿ, 1949ರ ಜನವರಿ 15ರಂದು, ಕಾರ್ಯಪ್ಪನವರು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು.

ಇಂಥ ಅಪ್ಪನ ಮನೆಯಲ್ಲಿ ಮಕ್ಕಳು ಏನು ಕಲಿತಿರಬಹುದು? ಟ್ಯಾಂಕನ್ನು ಬೆಟ್ಟ ಹತ್ತಿಸುವುದನ್ನಂತೂ ಅಲ್ಲ. ಅದನ್ನು ಮಕ್ಕಳು ಕಣ್ಣಾರೆ ಕಾಣುವುದೇ ಇಲ್ಲ. ಅವರು ಕಾಣುವುದು ಊಟದ ಮೇಜು, ಬಟ್ಟೆ, ಸಿಟ್ಟು, ಲೆಕ್ಕ. ನಂದಾ ಕಾರ್ಯಪ್ಪನವರೇ ಹೇಳಿಕೊಂಡಿರುವ ಒಂದು ಸಣ್ಣ ಘಟನೆ ಇದೆ. ಅಪ್ಪ ಮಹಾದಂಡನಾಯಕರಾಗಿದ್ದಾಗ ದೆಹಲಿಯಲ್ಲಿ ಅಣ್ಣ ತಂಗಿ ಇಬ್ಬರೂ ಸೈನ್ಯದ ಟ್ರಕ್ಕಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಒಂದು ದಿನ ಟ್ರಕ್ಕು ಬರಲಿಲ್ಲ. ಪಾಪ, ಸಹಾಯಕ ಅಧಿಕಾರಿ ಮಕ್ಕಳಿಗೆ ಹೊತ್ತಾಗುತ್ತದಲ್ಲ ಎಂದು ಅಪ್ಪನ ಸರಕಾರಿ ಕಾರಿನಲ್ಲಿ ಕಳಿಸಿದರು. ಆಮೇಲೆ ವಿಷಯ ಗೊತ್ತಾದಾಗ ಅಪ್ಪ ಕೆಂಡವಾದರಂತೆ. ಸರಕಾರದ ಗಾಡಿ ಮನೆಯ ಕೆಲಸಕ್ಕಲ್ಲ ಎಂದು ಹೇಳಿ, ಆ ಓಡಾಟದ ಖರ್ಚನ್ನು ತಮ್ಮ ಸ್ವಂತ ಲೆಕ್ಕದಿಂದ ಕಟ್ಟಿಸಿದರಂತೆ.

ಈ ಘಟನೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಸುಮ್ಮನೆ ಕೂತೆ. 1965ರ ಉತ್ತರ 1965ರಲ್ಲಿ ಹುಟ್ಟಿದ್ದಲ್ಲ ಎಂದು ಆಗ ಹೊಳೆಯಿತು. ಶಾಲೆಯ ಹಾದಿಯ ನಾಲ್ಕಾರು ಮೈಲಿಯ ಪೆಟ್ರೋಲಿನ ಲೆಕ್ಕದಲ್ಲೇ ಅದು ಇತ್ತು. ನನ್ನ ಮಗ ಎಂಬ ಕಾರಣಕ್ಕೆ ಒಂದು ಕಾರೂ ಇಲ್ಲ ಎಂದ ಅಪ್ಪನೇ ಹದಿನೈದು ವರ್ಷದ ನಂತರ, ನನ್ನ ಮಗ ಎಂಬ ಕಾರಣಕ್ಕೆ ಬಿಡುಗಡೆಯೂ ಬೇಡ ಎಂದದ್ದು. ಎರಡೂ ಒಂದೇ ತಕ್ಕಡಿ. ಮೊದಲನೆಯ ಸಲ ಅದರಲ್ಲಿ ಪೆಟ್ರೋಲಿತ್ತು, ಎರಡನೆಯ ಸಲ ಮಗನ ಜೀವ ಇತ್ತು.

ಆ ಕಡೆ ಸೆರೆಯಲ್ಲಿದ್ದ ಮಗನ ಮಾತನ್ನೂ ಹೇಳಬೇಕು. ಆಸ್ಪತ್ರೆ, ಆಮೇಲೆ ಒಂಟಿಕೋಣೆ. ಅಯೂಬ್ ಖಾನರ ಮನೆಯವರೇ ಬಂದು ಸಿಗರೇಟು, ಓದುವುದಕ್ಕೆ ವುಡ್‌ಹೌಸನ ಒಂದು ಕಾದಂಬರಿ ಕೊಟ್ಟು ಯೋಗಕ್ಷೇಮ ವಿಚಾರಿಸಿಕೊಂಡು ಹೋದರು. ಯುದ್ಧದ ನಡುವೆಯೂ ಮನುಷ್ಯರು ಮನುಷ್ಯರಾಗಿ ಉಳಿಯಬಲ್ಲರು ಎಂಬುದಕ್ಕೆ ಇದೊಂದು ಸಾಕ್ಷಿ, ಅದನ್ನು ನಾವು ಮರೆಯಬಾರದು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಆ ತಿಂಗಳಲ್ಲೇ ನಂದಾ ಅವರು ಉಳಿದ ಸೆರೆಯಾಳುಗಳ ಜೊತೆಯಲ್ಲಿ, ಅವರಲ್ಲಿ ಒಬ್ಬರಾಗಿ, ತಾಯ್ನಾಡಿಗೆ ಕಾಲಿಟ್ಟರು. ಅಪ್ಪ ಬಯಸಿದ್ದೂ ಅಷ್ಟೇ. ನೋವಿನ ಬೆನ್ನನ್ನು ಇಟ್ಟುಕೊಂಡೇ ವಾಯುಪಡೆಯಲ್ಲಿ ಮುಂದುವರಿದು ಏರ್ ಮಾರ್ಷಲ್ ಹುದ್ದೆಗೇರಿದರು. ನಿವೃತ್ತರಾಗಿ ಮಡಿಕೇರಿಗೆ ಬಂದು, ಅದೇ ರೋಶನಾರದಲ್ಲಿ ನೆಲೆಸಿ, ಅಪ್ಪನ ಜೀವನಚರಿತ್ರೆ ಬರೆದರು. 'ಬೇಡ' ಎಂದ ಅಪ್ಪನ ಕತೆಯನ್ನು ಆ 'ಬೇಡ'ದ ಪೆಟ್ಟು ತಿಂದ ಮಗನೇ ಕೂತು ಬರೆದದ್ದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಪ್ಪನಿಗೆ ಸಿಕ್ಕೀತು? 1986ರಲ್ಲಿ ಸಿಕ್ಕ ಫೀಲ್ಡ್ ಮಾರ್ಷಲ್ ಪದವಿಯೂ ನನಗೆ ಇದರ ಮುಂದೆ ಚಿಕ್ಕದಾಗಿ ಕಾಣುತ್ತದೆ.

ಕಾರ್ಯಪ್ಪನವರ ಎಲ್ಲ ನಡೆಯನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ದೇಶದಲ್ಲಿ ಗೊಂದಲ ಹೆಚ್ಚಿದಾಗ ಸೇನೆಯ ಕೈಯಲ್ಲಿ ಆಡಳಿತ ಇದ್ದರೆ ಒಳಿತು ಎಂಬ ಧಾಟಿಯಲ್ಲಿ ಅವರು ಆಡಿದ ಮಾತುಗಳನ್ನು ನಾನು ಒಪ್ಪಲಾರೆ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಮತದಾರರು ತಮ್ಮ ತಕ್ಕಡಿಯಲ್ಲಿ ತೂಗಿದರು, ಅದೂ ಸರಿಯೇ. ಶಿಸ್ತಿನ ಅಪ್ಪನ ಮನೆಯಲ್ಲಿ ಮಕ್ಕಳಿಗೆ ಕಷ್ಟವೂ ಇರುತ್ತದೆ, ಒಂದು ಅಪ್ಪುಗೆಗಾಗಿ ಹಂಬಲಿಸಿದ ದಿನಗಳೂ ಇದ್ದಿರಬಹುದು. ಸಾಹಸಿ ಅಪ್ಪನ ಮಕ್ಕಳಾಗುವುದಕ್ಕೆ ಮಕ್ಕಳೂ ಬೆಲೆ ತೆರುತ್ತಾರೆ.

ಆ ಬೆಲೆಯ ಮಾತು ಬಂದಾಗ ಕಾರ್ಯಪ್ಪನವರ ಮನೆಯೊಂದನ್ನೇ ನೆನೆದರೆ ಅನ್ಯಾಯವಾಗುತ್ತದೆ. ಅದೇ ಸೆಪ್ಟೆಂಬರಿನಲ್ಲಿ ಕೊಡಗಿನ ಇನ್ನೊಂದು ಮನೆಯಲ್ಲಿ ಕಾಯುವಿಕೆ ಶುರುವಾಗಿತ್ತು. ಇಲ್ಲಿ ಅಪ್ಪ ಮಗನಿಗಾಗಿ ಕಾದರೆ ಅಲ್ಲಿ ಮಕ್ಕಳು ಅಪ್ಪನಿಗಾಗಿ ಕಾದರು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಮಡಿಕೇರಿಯಲ್ಲಿ ಅವರ ಪ್ರತಿಮೆಯ ಮುಂದೆ ದಿನಕ್ಕೆ ನೂರಾರು ಜನ ಹಾದು ಹೋಗುತ್ತೇವೆ. ಸೆಪ್ಟೆಂಬರ್ 7ರ ನಸುಕಿನಲ್ಲಿ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಸರಗೋಧಾದ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ತಂಡದ ಖಾಯಂ ಸಾಲಿನಲ್ಲಿ ಇದ್ದವರಲ್ಲ. ಯಾರ ವಿಮಾನವಾದರೂ ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಂಡಿದ್ದ ಬದಲಿ ಚಾಲಕ. ಅವರೂ ಹಾರಿದರು. ಮರಳುವ ದಾರಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಅವರ ಮೇಲೆ ಎರಗಿತು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ಆ ಕಾಲಕ್ಕೆ ಹೆಸರಾಂತ ಅಮೆರಿಕದ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೆಯದು, ನಿಧಾನದ್ದು. ಪೆಟ್ಟು ತಿಂದ ವಿಮಾನವನ್ನು ತಿರುಗಿಸಿಕೊಂಡು ದೇವಯ್ಯ ಎದುರು ನಿಂತು ಕಾದಾಡಿದರು. ಸ್ಟಾರ್‌ಫೈಟರ್ ಉರುಳಿತು, ಅದರ ಚಾಲಕ ಹಾರುಕೊಡೆಯಲ್ಲಿ ಇಳಿದು ಬದುಕಿದ. ದೇವಯ್ಯ ಹಿಂದಿರುಗಲಿಲ್ಲ.

ನಮ್ಮವರಲ್ಲಿ ಯಾರೂ ಆ ಕಾದಾಟವನ್ನು ಕಂಡಿರಲಿಲ್ಲ. ಕಾಗದದಲ್ಲಿ ಅವರು ಕಾಣೆಯಾದವರು, ಅಷ್ಟೇ. ಮನೆಯಲ್ಲಿ ಪತ್ನಿ, ಪುಟ್ಟ ಹೆಣ್ಣುಮಕ್ಕಳು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ವಿವರ ಸಂಗ್ರಹಿಸಿ ಪುಸ್ತಕ ಬರೆದರು. ಸ್ಟಾರ್‌ಫೈಟರನ್ನು ಕೆಡವಿದ ಆ ಒಂಟಿ ಮಿಸ್ಟೇರ್ ಯಾರದು ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಲೆಕ್ಕ ಹಾಕುತ್ತ ಹೋದಾಗ ಮಿಕ್ಕ ಹೆಸರು ಒಂದೇ. 1988ರಲ್ಲಿ, ಇಪ್ಪತ್ತಮೂರು ವರ್ಷದ ನಂತರ, ಮರಣೋತ್ತರ ಮಹಾವೀರ ಚಕ್ರ ಬಂತು.

ಇಪ್ಪತ್ತಮೂರು ವರ್ಷ. ಆ ಮಕ್ಕಳು ಶಾಲೆಗೆ ಸೇರಿ, ಓದು ಮುಗಿಸಿ, ಅಪ್ಪನ ವಯಸ್ಸಿನ ಹತ್ತಿರಕ್ಕೆ ಬಂದಿದ್ದರು. ಅಷ್ಟು ದಿನ ಅವರಿಗೆ ಅಪ್ಪನ ಸಾಹಸ ಗೊತ್ತಿರಲಿಲ್ಲ, ಅಪ್ಪನ ಗೈರುಹಾಜರಿ ಮಾತ್ರ ಗೊತ್ತಿತ್ತು. ಪದಕ ಬಾರದ ಆ ವರ್ಷಗಳಲ್ಲಿ ಆ ಮನೆಯನ್ನು ನಡೆಸಿದ ತಾಯಿಯ ಎದೆಗಾರಿಕೆಗೆ ಯಾವ ಚಕ್ರವೂ ಇಲ್ಲ. ಪ್ರತಿಮೆಗೆ ಹಾರ ಹಾಕುವಾಗ ನಾನು ಮನಸ್ಸಿನಲ್ಲೇ ಆಕೆಗೂ ಒಂದು ಹೂವು ಇಡುತ್ತೇನೆ.

ಹಳೆಯ ಕೊಡವ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಹೊರಗೆ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಬೆರಳುದ್ದದ ಬಿಲ್ಲು ಬಾಣ ಮಾಡಿ ಆ ಎಳೆಯ ಮುಷ್ಟಿಗೆ ತಗುಲಿಸುತ್ತಿದ್ದರು. ನಾನು ಕೊಡವರವಳಲ್ಲ, ಆದರೆ ಒಂದು ಮನೆಯಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಮಗುವಿನ ಬೆರಳು ಇನ್ನೂ ಮುದುಡಿಕೊಂಡೇ ಇತ್ತು. ಅಜ್ಜಿಯೊಬ್ಬರು ಒಂದೊಂದೇ ಬೆರಳು ಬಿಡಿಸಿ ಕಡ್ಡಿಯನ್ನು ಒಳಗಿಟ್ಟರು, ಬೆರಳು ತಾನಾಗಿ ಮತ್ತೆ ಮುಚ್ಚಿಕೊಂಡಿತು. ಹರಳುಕಡ್ಡಿ ಟೊಳ್ಳು, ಹಗುರ, ಯಾರಿಗೂ ಏನೂ ಆಗದು. ಮಕ್ಕಳಿಗೆ ನಾವು ಕೊಡಬಹುದಾದದ್ದು ಅಷ್ಟೇ ಇರಬೇಕು. ಉಳಿದದ್ದನ್ನು ಅವರು ನಮ್ಮನ್ನು ನೋಡಿ ತಾವೇ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಬಿಡುತ್ತಾರೆ.

ಈಗ ನಮ್ಮಪ್ಪನ ಒಂದು ಮಾತು ಹೇಳಿಬಿಡುತ್ತೇನೆ. ಅವರು ಸಿಪಾಯಿಯಲ್ಲ. ಖಾಕಿ ಚಡ್ಡಿ, ಮೊಣಕಾಲ ತನಕ ಜಿಗಣೆ ಕಾಲುಚೀಲ, ಕಂಕುಳಲ್ಲಿ ಚೆಕ್‌ರೋಲ್ ಪುಸ್ತಕ. ತೋಟದ ಕೆಲಸ ಗೊತ್ತಿದ್ದವರಿಗೆ ತಿಳಿದಿರುತ್ತದೆ, ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ. ಬೆಳಿಗ್ಗೆ ಏಳು ಗಂಟೆಗೆ ಹೆಸರು ಕೂಗುವುದು, ಸಂಜೆ ಲೆಕ್ಕ ಬರೆಯುವುದು, ಶನಿವಾರ ಬಟವಾಡೆ.

ಆ ಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಜೋರು ಮಳೆಯ ಕಕ್ಕಡ ತಿಂಗಳು. ಮದ್ದುಸೊಪ್ಪಿನ ಪಾಯಸ ತಿಂದು ನಾಲಿಗೆ ನೇರಳೆ ಮಾಡಿಕೊಂಡು ಎರಡು ದಿನವಾಗಿತ್ತಷ್ಟೆ. ಬ್ರಹ್ಮಗಿರಿಯ ಕಡೆ ಏನು ಹೊಯ್ಯಿತೋ, ರಾತ್ರಿ ಹೊತ್ತಿಗೆ ಕಾವೇರಿ ದಡ ಬಿಟ್ಟು ಗದ್ದೆಗೆ ನುಗ್ಗಿದಳು. ಆಳುಗಳ ಲೈನ್‌ಮನೆಗಳು ಇದ್ದದ್ದು ತಗ್ಗಿನಲ್ಲಿ. ನಮ್ಮ ಕ್ವಾರ್ಟರ್ಸೂ ಅದರ ಪಕ್ಕದಲ್ಲೇ, ಒಂದು ಮಾರು ಎತ್ತರದಲ್ಲಿ. ಬಂಗಲೆಯ ದಿಣ್ಣೆಗೂ ನಮಗೂ ನಡುವೆ ನೀರು ತುಂಬಿ, ನಾವೆಲ್ಲ ದ್ವೀಪದವರ ಹಾಗಾದೆವು. ತೋಟಕ್ಕೆ ಇದ್ದದ್ದು ಒಂದು ದೋಣಿ. ಸಲಕ್ಕೆ ಆರು ಜನ ಹಿಡಿಯುತ್ತಿತ್ತು, ಏಳನೆಯವರು ಹತ್ತಿದರೆ ಅಂಚಿಗೆ ನೀರು ಬರುತ್ತಿತ್ತು.

ಅಪ್ಪ ಎರಡು ಸಿಲ್ವರ್ ಮರಗಳ ನಡುವೆ ಹಗ್ಗ ಕಟ್ಟಿಸಿದರು. ದೋಣಿ ನಡೆಸುವವ ಒಂದು ತುದಿಯಲ್ಲಿ, ಅಪ್ಪ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಇನ್ನೊಂದು ತುದಿಯಲ್ಲಿ. ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಲಾಟೀನು ಇಟ್ಟು, ಚೆಕ್‌ರೋಲ್ ಪುಸ್ತಕ ತೆಗೆದರು. ಜನ ಒಮ್ಮೆಲೆ ದೋಣಿಗೆ ನುಗ್ಗಿದರೆ ಮುಳುಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕೂಗುವ ಹಾಗೆಯೇ ಕೂಗಿದರು. ಆ ದನಿ ಕೇಳಿ ಜನಕ್ಕೆ ದಿನದ ಅಭ್ಯಾಸ ನೆನಪಾಗಿರಬೇಕು. ಗಲಾಟೆ ನಿಂತಿತು. ಹೆಸರು ಬಂದವರು ಮಕ್ಕಳನ್ನು ಎತ್ತಿಕೊಂಡು ಮುಂದೆ ಬಂದರು.

ಅವ್ವ ನನ್ನ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವನಿಗೆ ಜ್ವರ. ಮೊದಲನೇ ದೋಣಿ ಹೋಯಿತು, ಎರಡನೆಯದು ಹೋಯಿತು. ಮೇಸ್ತ್ರಿ ಒಬ್ಬರು, 'ರೈಟ್ರೇ, ನಿಮ್ಮ ಮನೆಯವರನ್ನು ಕಳಿಸಿಬಿಡಿ, ಮಗೀಗೆ ಮೈ ಸುಡ್ತಾ ಉಂಟು' ಅಂದರು. ಅಪ್ಪ ಕೇಳಿಸದವರ ಹಾಗೆ ಮುಂದಿನ ಹೆಸರು ಕೂಗಿದರು. ನಾನು ಅಳುತ್ತ, 'ಅಪ್ಪಾ, ನಮ್ಮ ಹೆಸರು ಯಾವಾಗ?' ಎಂದು ಕಿರುಚಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನಮ್ಮ ಹೆಸರು ಆ ಪುಸ್ತಕದಲ್ಲಿ ಇರಲೇ ಇಲ್ಲ. ರೈಟರ ಮನೆಯವರು ಚೆಕ್‌ರೋಲಿನ ಆಳುಗಳಲ್ಲವಲ್ಲ. ಅದು ಗೊತ್ತಾದಾಗ ನನಗೆ ಬಂದ ಸಿಟ್ಟು ಇಂದಿಗೂ ನೆನಪಿದೆ. ಈ ಮನುಷ್ಯನಿಗೆ ನಾವು ಯಾರೂ ಅಲ್ಲ ಎಂದುಕೊಂಡೆ. ನೀರು ಮೆಟ್ಟಿಲಿನ ಎರಡನೇ ಹಂತಕ್ಕೆ ಬಂದಿತ್ತು. ಅವ್ವ ಒಂದು ಮಾತೂ ಆಡಲಿಲ್ಲ. ಲಾಟೀನನ್ನು ಎತ್ತಿ ಮೇಲಿನ ಮೆಟ್ಟಿಲಿಗೆ ಇಟ್ಟಳು, ಪುಸ್ತಕದ ಮೇಲೆ ಬೆಳಕು ಬೀಳುವ ಹಾಗೆ.

ಎಷ್ಟು ಸಲ ದೋಣಿ ಹೋಗಿ ಬಂತೋ. ಕೊನೆಗೆ ಮೆಟ್ಟಿಲ ಮೇಲೆ ಉಳಿದವರು ನಾವು ಮೂವರೇ. ಅಪ್ಪ ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಹತ್ತಿರ ಬಂದರು. ಅಂಗೈಯ ಚರ್ಮ ಸುಲಿದು ಬಿಳುಪಾಗಿತ್ತು, ಬೆರಳು ಮಡಿಸಲು ಆಗುತ್ತಿರಲಿಲ್ಲ. ಪುಸ್ತಕದ ಕೊನೆಯ ಹಾಳೆ ತಿರುವಿದರು. ಅಲ್ಲಿ ಏನೂ ಬರೆದಿರಲಿಲ್ಲ, ನಾನು ಬಗ್ಗಿ ನೋಡಿದೆ. ಆ ಖಾಲಿ ಹಾಳೆಯನ್ನು ನೋಡುತ್ತಲೇ ಅಪ್ಪ ಅವ್ವನ ಹೆಸರು ಕೂಗಿದರು, ಎಲ್ಲರ ಹೆಸರು ಕೂಗಿದ ಅದೇ ದನಿಯಲ್ಲಿ. ಅವ್ವ 'ಇದ್ದೇನೆ' ಅಂದಳು. ತಮ್ಮನ ಹೆಸರು ಕೂಗಿದರು, ಅದಕ್ಕೂ ಅವ್ವನೇ 'ಇದ್ದಾನೆ' ಅಂದಳು. ಆಮೇಲೆ ನನ್ನ ಹೆಸರು. ಪೂರ್ತಿ ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇದ್ದ ಹಾಗೆ.

ನಾನು ಸಿಟ್ಟಿನಲ್ಲಿ ಸುಮ್ಮನಿದ್ದೆ. ಅಪ್ಪ ಕಾದರು. ದೋಣಿ ಅಲ್ಲಾಡುತ್ತಿತ್ತು. ಇನ್ನೊಮ್ಮೆ ಕೂಗಿದರು.

'ಇದ್ದೇನೆ,' ಎಂದೆ.